ಚಳಿಗೆ ಸೆಟೆಯದ ರೇಷ್ಮೆ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ರಾಮನಗರದ ಮಾರುಕಟ್ಟೆಯಿಂದ ತಂದ ಬಿಳಿ ಗೂಡು. ಒಳ್ಳೆಯ ಗೂಡಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ನೂಲು ಬಿಚ್ಚಿದರೆ ಸೀರೆಯಾಗುತ್ತದೆ. ನಾನು ಇವತ್ತು ಹೇಳಲು ಬಂದಿರುವುದು ಇದನ್ನು ಕರಗಿಸಿ, ಇನ್ನೊಂದು ವಸ್ತುವಿನ ಜೊತೆ ಬೆರೆಸಿ, ಚಳಿಯಲ್ಲೂ ಬಗ್ಗುವಂತೆ ಮಾಡುವ ವಿಷಯ.

ಮೊದಲು ಚಳಿಯ ಮಾತು. ರಬ್ಬರ್ ಬಗ್ಗುವುದು ಅದರೊಳಗಿನ ಅಣುಗಳ ಉದ್ದುದ್ದ ಸರಪಳಿಗಳು ಅಲ್ಲಾಡುತ್ತಿರುವುದರಿಂದ. ಚಳಿ ಜಾಸ್ತಿಯಾದಂತೆ ಅಲ್ಲಾಟ ನಿಲ್ಲುತ್ತದೆ. ಮರದ ರಬ್ಬರ್ ಸುಮಾರು ಮೈನಸ್ 70 ಡಿಗ್ರಿಗೆ ಗಾಜಿನಂತಾಗುತ್ತದೆ. ಅದಕ್ಕಿಂತ ತಣ್ಣಗಿನ ದ್ರವ ಸಾರಜನಕದಲ್ಲಿ ಅದ್ದಿ ಸುತ್ತಿಗೆಯಿಂದ ಹೊಡೆದರೆ ಚೂರು ಚೂರು.

ರೇಷ್ಮೆ ಹಾಗಲ್ಲ. ಚೀನಾದ ಓಕ್ ಮರದ ಟಸರ್ ಹುಳುವಿನ ಎಳೆ ಮೈನಸ್ 196 ಡಿಗ್ರಿಯಲ್ಲೂ ಗಟ್ಟಿಯಾಗಿ, ಎಳೆದರೆ ಹಿಗ್ಗುವಂತೆ ಉಳಿಯುತ್ತದೆ ಎಂದು ಚೀನಾ ಮತ್ತು ಬ್ರಿಟನ್ನಿನ ಸಂಶೋಧಕರು 2019ರಲ್ಲಿ ತೋರಿಸಿದರು. ಗುಟ್ಟು ಅದರ ಕಟ್ಟಡದಲ್ಲಿದೆ. ಎಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳ ಕಟ್ಟು. ಒಂದರಲ್ಲಿ ಬಿರುಕು ಬಿಟ್ಟರೆ ಅದು ಪಕ್ಕದ್ದಕ್ಕೆ ಸುಲಭವಾಗಿ ದಾಟುವುದಿಲ್ಲ.

ಹಾಗಿದ್ದರೆ ಕರಗಿಸುವುದೇಕೆ? ಹುಳು ತನಗೆ ಬೇಕಾದ ದಪ್ಪಕ್ಕೆ ನೂಲುತ್ತದೆ, ನಮಗೆ ಬೇಕಾದ ದಪ್ಪಕ್ಕಲ್ಲ. ತೂತು ಬಿದ್ದ ಗೂಡುಗಳಿಂದ ಉದ್ದ ಎಳೆ ಬಿಚ್ಚಲೂ ಆಗುವುದಿಲ್ಲ. ಅಂಥ ಗೂಡನ್ನು ಕತ್ತರಿಸಿ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಅರ್ಧ ಗಂಟೆ ಕುದಿಸುತ್ತೇವೆ. ಸೆರಿಸಿನ್ ಎಂಬ ಅಂಟು ಬಿಟ್ಟು, ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ಉಳಿದ ಫೈಬ್ರಾಯಿನ್, ಅಂದರೆ ರೇಷ್ಮೆ ಎಳೆಯ ಪ್ರೋಟೀನನ್ನು, ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ಗಟ್ಟಿ ದ್ರಾವಣದಲ್ಲಿ 60 ಡಿಗ್ರಿಗೆ ಇಟ್ಟರೆ ನಾಲ್ಕು ಗಂಟೆಯಲ್ಲಿ ಜೇನಿನ ಬಣ್ಣಕ್ಕೆ ಕರಗುತ್ತದೆ. ಉಪ್ಪು ತೆಗೆಯಲು ಇನ್ನೆರಡು ದಿನ. ಆಮೇಲೆ ತೆಳ್ಳಗೆ ಹರಡಿ ಒಣಗಿಸಿ ಬಗ್ಗಿಸಿದರೆ, ಹಪ್ಪಳದ ಹಾಗೆ ಪಟ್ಟನೆ ಮುರಿಯುತ್ತದೆ! ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಹುಳು ಕಟ್ಟಿದ್ದನ್ನು ನಾವು ಕೆಡವಿದೆವು, ಮತ್ತೆ ಕಟ್ಟಲು ಬರಲಿಲ್ಲ, ಅಲ್ವಾ?

ಇಲ್ಲಿ ಪಾಲಿಯುರೆಥೇನ್ ನೆರವಿಗೆ ಬರುತ್ತದೆ. ಸಾಕ್ಸಿನ ಬಾಯಲ್ಲಿ ಹಿಗ್ಗುವ ಸ್ಪ್ಯಾಂಡೆಕ್ಸ್ ಇದೇ ಜಾತಿಯದು. ಅದರಲ್ಲೂ ರೇಷ್ಮೆಯಲ್ಲಿರುವಂತೆ ಗಟ್ಟಿ ಗಂಟುಗಳು, ನಡುವೆ ಮೆತ್ತನೆಯ ಸರಪಳಿಗಳು. ಆ ಮೆತ್ತನೆ ಭಾಗ ಸೊನ್ನೆಗಿಂತ ಎಷ್ಟೋ ಕೆಳಗೂ ಅಲ್ಲಾಡುತ್ತಿರುತ್ತದೆ. ಸಿಲಿಕೋನ್ ರಬ್ಬರಿನ ಸರಪಳಿಯಾದರೆ ಮೈನಸ್ 120ರ ಹತ್ತಿರದವರೆಗೂ.

ಆದರೆ ಸುಮ್ನೆ ಬೆರೆಸಿದರೆ ಸಾಲದು. ಒಣಗುವಾಗ ಎರಡೂ ಎಣ್ಣೆ–ನೀರಿನ ಹಾಗೆ ಬೇರೆಯಾಗುತ್ತವೆ, ಚಳಿಯಲ್ಲಿ ಎಳೆ ಆ ಗಡಿಯಲ್ಲೇ ತುಂಡಾಗುತ್ತದೆ. ಅದಕ್ಕೆ ಪಾಲಿಯುರೆಥೇನಿನ ತುದಿಯಲ್ಲಿ ಐಸೊಸಯನೇಟ್ ಎಂಬ, ಬೇರೆ ಅಣುಗಳಿಗೆ ಬೇಗ ಅಂಟುವ ಗುಂಪುಗಳನ್ನು ಉಳಿಸಿಕೊಳ್ಳುತ್ತೇವೆ. ಅವು ರೇಷ್ಮೆಯ ಪ್ರೋಟೀನಿನಲ್ಲಿರುವ ಅಮೀನ್ ಎಂಬ ಗುಂಪುಗಳನ್ನು ಹಿಡಿದು ಗಂಟು ಹಾಕುತ್ತವೆ. ಪಾಲಿಯುರೆಥೇನ್ ಕಡಿಮೆಯಾದರೆ ಮತ್ತೆ ಹಪ್ಪಳ. ಜಾಸ್ತಿಯಾದರೆ ರೇಷ್ಮೆಯ ಬಲ ಹೋಗಿ ಬರೀ ಪ್ಲಾಸ್ಟಿಕ್ ದಾರ. ನನ್ನ ಮಟ್ಟಿಗೆ ನಿಜವಾದ ಕೆಲಸ ಈ ಹದ ಹಿಡಿಯುವುದೇ.

ಮೇಜಿನ ಮೇಲೆ ಐಸಿನಲ್ಲಿ ಎರಡು ಹಾಳೆ ಇಟ್ಟಿದ್ದೇನೆ. ಒಂದು ಕರಗಿಸಿ ಒಣಗಿಸಿದ ಬರೀ ರೇಷ್ಮೆ, ಇನ್ನೊಂದು ಬೆರಕೆ. ಬನ್ನಿ, ಪೆನ್ಸಿಲ್‌ಗೆ ಸುತ್ತಿ ನೋಡಿ. ಮುರಿದರೆ ಹೆದರಬೇಡಿ, ಇನ್ನೂ ತಂದಿದ್ದೇನೆ.