ಸೋತ ರಾಜನಿಗೆ ಮೂರು ದಿನದ ರಾಜ್ಯ: ನಮ್ಮ ದೀಪಾವಳಿಯ ಬಲೀಂದ್ರ

[ಪರದೆ ಪೂರ್ತಿ ಕಪ್ಪು. ಜೀರುಂಡೆ ಸದ್ದು. ದೂರದಿಂದ ಒಬ್ಬ ಗಂಡಸಿನ ದನಿ: "ಬಲಿಯೇಂದ್ರಾ... ಕೂ...!" ಸ್ವಲ್ಪ ಹೊತ್ತಿಗೆ ಇನ್ನೂ ದೂರದಿಂದ ಮತ್ತೊಂದು "ಕೂ..."]

ಈ ಕೂಗು ಕೇಳಿದೀರಾ? ದಕ್ಷಿಣ ಕನ್ನಡ, ಉಡುಪಿ ಕಡೆಯವರಾದ್ರೆ ಖಂಡಿತ ಕೇಳಿರ್ತೀರಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರಿಗೆ ದೀಪಾವಳಿ ಅಂದ್ರೆ ಪಟಾಕಿ ಸದ್ದು ಬಿಟ್ಟರೆ ಬೇರೆ ಸದ್ದು ಗೊತ್ತಿರಲ್ಲ.

[ನಿರೂಪಕ ಕ್ಯಾಮೆರಾ ಮುಂದೆ, ಪಕ್ಕದಲ್ಲಿ ಒಂದು ಹಣತೆ]

ನಮಸ್ಕಾರ. ಪ್ರತಿ ವರ್ಷ ಹಬ್ಬದ ವಾರ ನನ್ನ ವಾಟ್ಸಾಪ್‌ಗೆ ಬರೋ ಶುಭಾಶಯದಲ್ಲೆಲ್ಲ ರಾಮ ಅಯೋಧ್ಯೆಗೆ ವಾಪಸ್ ಬರ್ತಾ ಇರ್ತಾನೆ. ಉತ್ತರ ಭಾರತದ ಕತೆ ಅದು, ಚೆನ್ನಾಗಿದೆ. ಆದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆಗೆ ದೀಪಾವಳಿಗೆ ರಾಮ ಬಂದಿದ್ದೇ ಇಲ್ಲ. ಅಲ್ಲಿಗೆ ಬರ್ತಿದ್ದವನು ಬಲೀಂದ್ರ. ಬಲಿ ಚಕ್ರವರ್ತಿ.

ಕತೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ ಬಲಿ. ಮೂರು ಲೋಕ ಗೆದ್ದವನು, ಕೇಳಿದವರಿಗೆ ಇಲ್ಲ ಅನ್ನದವನು. ವಾಮನ ಪುಟ್ಟ ವಟುವಾಗಿ ಬಂದು ಮೂರು ಹೆಜ್ಜೆ ನೆಲ ಕೇಳ್ತಾನೆ. ಗುರು ಶುಕ್ರಾಚಾರ್ಯ ಬೇಡ ಅಂದ್ರೂ ಬಲಿ ಕೇಳಲ್ಲ, ಧಾರೆ ಎರೀತಾನೆ. ಒಂದು ಹೆಜ್ಜೆಗೆ ಭೂಮಿ, ಇನ್ನೊಂದಕ್ಕೆ ಆಕಾಶ. ಮೂರನೇದಕ್ಕೆ ಜಾಗ ಇಲ್ಲ ಅಂದಾಗ ತನ್ನ ತಲೆ ಕೊಡ್ತಾನೆ. ನೇರ ಪಾತಾಳಕ್ಕೆ. ಹೋಗೋ ಮುಂಚೆ ಒಂದು ವರ: ವರ್ಷಕ್ಕೊಮ್ಮೆ ಭೂಮಿಗೆ ಬಂದು ಹೋಗಬಹುದು. ಚತುರ್ದಶಿ, ಅಮಾವಾಸ್ಯೆ, ಪಾಡ್ಯ. ಮೂರು ಹೆಜ್ಜೆಗೆ ಮೂರು ದಿನ ಅಂತ ನಮ್ಮ ಅಜ್ಜಿ ಲೆಕ್ಕ.

ಈಗ ನನ್ನ ತಲೆ ತಿನ್ನೋ ಪ್ರಶ್ನೆ. ಗೆದ್ದವನು ವಿಷ್ಣು, ಮನೆಯಲ್ಲಿ ದಿನಾ ಪೂಜೆ ಆಗೋದೂ ಅವನಿಗೇ. ಹಾಗಿದ್ದ ಮೇಲೆ ಅಂಗಳದಲ್ಲಿ ನಿಂತು ಹೆಸರು ಹಿಡಿದು ಕರೆಯೋದು ಸೋತವನನ್ನ ಯಾಕೆ?

[ಬಾದಾಮಿ ಗುಹೆಗಳ ಚಿತ್ರ, ನಿಧಾನಕ್ಕೆ ತ್ರಿವಿಕ್ರಮನ ಶಿಲ್ಪದ ಕಡೆಗೆ]

ಇದು ನಿನ್ನೆ ಮೊನ್ನೆಯ ಕತೆ ಅಲ್ಲ. ಬಾದಾಮಿಯ ಎರಡನೇ ಗುಹೆ, ಮೂರನೇ ಗುಹೆ ಎರಡರಲ್ಲೂ ತ್ರಿವಿಕ್ರಮ, ಅಂದ್ರೆ ಆಕಾಶದೆತ್ತರ ಬೆಳೆದ ವಾಮನ, ಇದ್ದಾನೆ, ಒಂದು ಕಾಲು ಆಕಾಶಕ್ಕೆ ಎತ್ತಿಕೊಂಡು. ಎರಡನೇ ಗುಹೆಯಲ್ಲಿ ಆ ದೊಡ್ಡ ಕಾಲಿನ ಕೆಳಗೆ ಹುಡುಕಿ, ಕೊಡೆ ಹಿಡಿದ ಕುಳ್ಳ ವಾಮನ ಸಿಗ್ತಾನೆ. ಹೆಚ್ಚಿನವರು ಮೇಲೆ ನೋಡಿಕೊಂಡು ಫೋಟೋ ತೆಗೆದು ಹೊರಟುಬಿಡ್ತಾರೆ. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನ ಇದೆ, ಶಕ ವರ್ಷ 500, ಅಂದ್ರೆ ಕ್ರಿ.ಶ. 578. ತಿಥಿ ಯಾವುದು ಗೊತ್ತಾ? ಕಾರ್ತಿಕ ಹುಣ್ಣಿಮೆ. ಬಲಿಪಾಡ್ಯಮಿ ಕಳೆದು ಎರಡು ವಾರ.

ಇನ್ನೊಂದು ಸಾಕ್ಷಿ ಹೊರಗಿನವನದು. ಸುಮಾರು 1030ರಲ್ಲಿ ಅಲ್ ಬಿರೂನಿ ಅನ್ನೋ ವಿದ್ವಾಂಸ ಭಾರತದ ಬಗ್ಗೆ ಅರಬ್ಬಿಯಲ್ಲಿ ದೊಡ್ಡ ಪುಸ್ತಕ ಬರೆದ. ಅದರಲ್ಲಿ ದೀಪಾವಳಿ ಇದೆ: ಜನ ಸ್ನಾನ ಮಾಡಿ ಹಬ್ಬದ ಬಟ್ಟೆ ಹಾಕ್ತಾರೆ, ಎಲೆ ಅಡಿಕೆ ಕೊಟ್ಟುಕೊಳ್ತಾರೆ, ರಾತ್ರಿ ಎಲ್ಲಾ ಕಡೆ ದೀಪ ಹಚ್ಚುತ್ತಾರೆ. ಕಾರಣ ಏನು ಅಂದ್ರೆ, ಪಾತಾಳದಲ್ಲಿ ಸೆರೆಯಿರೋ ವಿರೋಚನನ ಮಗ ಬಲಿಯನ್ನ ಲಕ್ಷ್ಮಿ ಈ ದಿನ ಬಿಡಿಸಿ ಲೋಕಕ್ಕೆ ಕಳಿಸ್ತಾಳೆ, ಅದಕ್ಕೇ ಈ ಹಬ್ಬಕ್ಕೆ ಬಲಿರಾಜ್ಯ ಅಂತ ಹೆಸರು. ಸಾವಿರ ವರ್ಷದ ಹಿಂದಿನ ಆ ವಿವರಣೆಯಲ್ಲಿ ರಾಮನ ಸುದ್ದಿ ಇಲ್ಲ, ನೋಡಿ.

[ದೃಶ್ಯ: ಬಚ್ಚಲ ಮನೆ. ತಾಮ್ರದ ಹಂಡೆ ತಿಕ್ಕುತ್ತಿರುವ ಕೈಗಳು]

ಸರಿ, ಮನೆಗೆ ಬರೋಣ. ನಮ್ಮಲ್ಲಿ ಹಬ್ಬ ಶುರುವಾಗೋದು ದೇವರ ಮನೆಯಿಂದ ಅಲ್ಲ, ಬಚ್ಚಲಿಂದ. ತ್ರಯೋದಶಿ ದಿನ ನೀರು ತುಂಬೋ ಹಬ್ಬ. ಈಗ ಎಲ್ಲರ ಬಾಯಲ್ಲೂ ಧನ್‌ತೇರಸ್, ಅವತ್ತೇ ಚಿನ್ನದ ಅಂಗಡಿ ಮುಂದೆ ಕ್ಯೂ. ನಮ್ಮ ಅಜ್ಜಿಗೆ ಅವತ್ತು ಇದ್ದ ಲೋಹ ಒಂದೇ, ತಾಮ್ರ. ವರ್ಷಪೂರ್ತಿ ಹೊಗೆ ಹಿಡಿದ ಹಂಡೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೋದು. ಹೊಟ್ಟೆ ಭಾಗ ಬೇಗ ಹೊಳೆಯುತ್ತೆ, ಕಂಠದ ಸಂದಿಯಲ್ಲಿ ಕಪ್ಪು ಮಾತ್ರ ಹೋಗಲ್ಲ. ಅದಕ್ಕೆ ತೆಂಗಿನ ನಾರಿನ ಚಿಕ್ಕ ಉಂಡೆ, ಮತ್ತೆ ಚಿಕ್ಕ ಕೈ ಬೇಕು. ಆ ಚಿಕ್ಕ ಕೈ ನನ್ನದು. ಎರಡು ದಿನ ಬೆರಳೆಲ್ಲ ಹುಳಿ ಹುಳಿ ವಾಸನೆ.

ಆಮೇಲೆ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕಂಠಕ್ಕೆ ಹಿಂಡಲೆಕಾಯಿ ಬಳ್ಳಿ. ಹಿಂಡಲೆಕಾಯಿ ಅಂದ್ರೆ ಬೇಲಿ ಮೇಲೆ ಬೆಳೆಯೋ ಸಣ್ಣ ಕಾಯಿ, ಬಾಯಿಗಿಟ್ಟರೆ ಕಹಿ. ಬಾವಿಗೆ ಅರಿಶಿನ ಕುಂಕುಮ ಇಟ್ಟು, ಗಂಗೆ ಪೂಜೆ ಮಾಡಿ, ಸೇದಿ ತುಂಬಿಸಬೇಕು. ನಲ್ಲಿ ಇದ್ರೂ ಅವತ್ತು ಸೇದಿದ ನೀರೇ ಆಗಬೇಕು.

ಆ ರಾತ್ರಿಗೆ ಮಲೆನಾಡಲ್ಲಿ ಇನ್ನೊಂದು ಹೆಸರಿದೆ, ಬೂರೆ. ಹುಡುಗರು ಗುಂಪು ಕಟ್ಟಿಕೊಂಡು ಕದಿಯೋಕೆ ಹೋಗ್ತಾರೆ. ಎಳನೀರು, ಸೌತೆಕಾಯಿ, ಜಗಲಿಯಲ್ಲಿ ಬಿಟ್ಟ ಕುರ್ಚಿ. ಬೆಳಿಗ್ಗೆ ಯಾರೂ ಪೊಲೀಸ್ ಸ್ಟೇಷನ್ನಿಗೆ ಹೋಗಲ್ಲ, ತಮ್ಮ ಕುರ್ಚಿ ಬಸ್ ಸ್ಟ್ಯಾಂಡಲ್ಲಿ ಇದೆಯಾ ಅಂತ ನೋಡಿಕೊಂಡು ಬರ್ತಾರೆ.

ಚತುರ್ದಶಿ ಬೆಳಗಿನ ಜಾವ ಎಣ್ಣೆ ಸ್ನಾನ. ಸ್ನಾನಕ್ಕೆ ಮುಂಚೆ ಹಿಂಡಲೆಕಾಯಿಯನ್ನ ಕಾಲಲ್ಲಿ ಮೆಟ್ಟಿ ಒಡೆಯೋದು. ಅದು ನರಕಾಸುರ. ನೋಡಿ ಎಷ್ಟು ವಿಚಿತ್ರ: ಒಬ್ಬ ಅಸುರನನ್ನ ಬೆಳಿಗ್ಗೆ ಕಾಲಲ್ಲಿ ಮೆಟ್ಟಿ, ಇನ್ನೊಬ್ಬ ಅಸುರನನ್ನ ಮಣೆ ಹಾಕಿ ಕೂರಿಸ್ತೀವಿ. ಸಿರಸಿ, ಸಿದ್ದಾಪುರ ಕಡೆ ಕಲಶ ಇಟ್ಟು, ಮೊಗೆಕಾಯಿ ಅನ್ನೋ ದಪ್ಪ ಸೌತೆ, ಸಿಂಗಾರ ಅಂದ್ರೆ ಅಡಿಕೆ ಹೂವಿನ ಗೊಂಚಲು ಇಟ್ಟು ಬಲೀಂದ್ರನನ್ನ ಕೂರಿಸ್ತಾರೆ. ಅಸುರ ಅನ್ನೋದು ಇಲ್ಲಿ ಜಾತಿ ಸರ್ಟಿಫಿಕೇಟ್ ಅಲ್ಲ. ಒಬ್ಬ ಕಿತ್ತುಕೊಂಡವನು, ಇನ್ನೊಬ್ಬ ಕೊಟ್ಟವನು. ನಮ್ಮ ಹಳ್ಳಿ ಜನ ಆ ವ್ಯತ್ಯಾಸ ಇಟ್ಟುಕೊಂಡೇ ಮರ್ಯಾದೆ ಮಾಡ್ತಾರೆ ಅಂತ ನನ್ನ ಅನಿಸಿಕೆ.

[ದೃಶ್ಯ: ಕೊಟ್ಟಿಗೆ. ಹಸುವಿನ ಮೈಮೇಲೆ ಬಿಳಿ, ಕೆಂಪು ವೃತ್ತಗಳು]

ಪಾಡ್ಯಕ್ಕೆ ಮಲೆನಾಡಲ್ಲಿ ದೊಡ್ಡಬ್ಬ ಅಂತಲೇ ಹೆಸರು. ಪಂಚಾಂಗದವರು ಹೇಳೋ ವರ್ಷದ ಮೂರೂವರೆ ಶುಭ ಮುಹೂರ್ತದಲ್ಲಿ ಆ ಅರ್ಧ ಇದೇ ದಿನ. ಅವತ್ತು ದನಗಳಿಗೆ ಕೆಲಸ ಇಲ್ಲ. ಮೈ ತೊಳೆದು, ಲೋಟದ ಬಾಯನ್ನ ಶೇಡಿ ಅನ್ನೋ ಬಿಳಿ ಮಣ್ಣಲ್ಲೋ ಕೆಮ್ಮಣ್ಣಲ್ಲೋ ಅದ್ದಿ ಮೈತುಂಬಾ ಉಂಗುರ ಒತ್ತೋದು. ಕೊರಳಿಗೆ ಚೆಂಡುಹೂ, ಪಚ್ಚೆತೆನೆ, ಅಡಿಕೆ ಸರ. ಹಾವೇರಿ, ಶಿಕಾರಿಪುರ ಕಡೆ ಇದೇ ಹೊತ್ತಿಗೆ ಹೋರಿ ಬೆದರಿಸೋ ಹಬ್ಬ ಶುರು, ಓಡೋ ಹೋರಿಯ ಕೊರಳಿಂದ ಕೊಬ್ಬರಿ ಸರ ಹರಿಯೋಕೆ ಹುಡುಗರು ಜೀವದ ಹಂಗು ಬಿಟ್ಟು ಬೀಳ್ತಾರೆ.

ಉತ್ತರ ಕರ್ನಾಟಕದಲ್ಲಿ ಸಗಣಿಯಲ್ಲಿ ಪಾಂಡವರನ್ನ ಮಾಡಿ, ಉತ್ತರಾಣಿ ಕಡ್ಡಿ, ಹೂ ಸಿಕ್ಕಿಸಿ ಬಾಗಿಲಲ್ಲಿ ಇಡ್ತಾರೆ. ಲಂಬಾಣಿ ತಾಂಡಾಗಳಲ್ಲಿ ಅಮಾವಾಸ್ಯೆ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಮೇರಾ ಬೇಡ್ತಾರೆ, ಅಂದ್ರೆ ಹಾಡಿ ಹಬ್ಬದ ಶುಭ ಹಾರೈಸ್ತಾರೆ. ಇವೆರಡಕ್ಕೂ ಒಂದೊಂದು ವಿಡಿಯೋನೇ ಬೇಕು, ಇಲ್ಲಿ ಮುಟ್ಟಿ ಬಿಡ್ತಾ ಇದೀನಿ, ಬೈಕೋಬೇಡಿ.

[ದೃಶ್ಯ: ರಾತ್ರಿ, ಅಡಿಕೆ ತೋಟದ ನಡುವೆ ಒಂದೇ ಒಂದು ದೀಪ ನಡೆದು ಬರುತ್ತದೆ. ಹಾಡಿನ ದನಿ]

ಅಂಟಿಗೆ-ಪಂಟಿಗೆ ಬಗ್ಗೆ ಮಾತ್ರ ಹೇಳಲೇಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪಾಡ್ಯದ ರಾತ್ರಿಯಿಂದ ಗಂಡಸರ ಗುಂಪು ದೇವರ ಮುಂದೆ ಹಚ್ಚಿದ ದೀಪ ತಗೊಂಡು ಹೊರಡುತ್ತೆ. ಮಲೆನಾಡಲ್ಲಿ ಮನೆಯಿಂದ ಮನೆಗೆ ಮೈಲಿ ದೂರ. ಗದ್ದೆ ಬದು, ಹಳ್ಳ ದಾಟೋ ಸಂಕ, ತೋಟ, ಗಾಳಿ. ದೀಪ ಆರಬಾರದು. ಮನೆ ಮುಂದೆ ನಿಂತು ಬಾಗಿಲು ತೆಗೆಸೋಕೇ ಒಂದು ಹಾಡು. ರಾತ್ರಿ ಎರಡು ಗಂಟೆಗೆ ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು ಬರ್ತಿದ್ಲು. ಅವರ ದೀಪದಿಂದ ನಮ್ಮನೆ ದೀಪ ಹಚ್ಚಿಕೊಂಡು, ಅವರದಕ್ಕೆ ಎಣ್ಣೆ ಎರೆದು, ಮೊರದಲ್ಲಿ ಅಕ್ಕಿ, ಕಾಯಿ, ದುಡ್ಡು ಕೊಡೋಳು. ನಿದ್ದೆಗಣ್ಣಲ್ಲಿ ನನಗೆ ಕಾಣ್ತಿದ್ದದ್ದು ದೀಪದ ಹಿಂದೆ ಗಾಳಿಗೆ ಅಡ್ಡ ಹಿಡಿದ ಕಂಬಳಿ, ಅದರ ಹಿಂದೆ ಕೆಸರು ಮೆತ್ತಿದ ಹತ್ತಾರು ಕಾಲು.

[ದೃಶ್ಯ: ಕರಾವಳಿಯ ಮನೆಯಂಗಳ. ನೆಟ್ಟ ಕೊಂಬೆಯ ಮೇಲೆ ದೀಪ]

ಈಗ ಮೊದಲು ಕೇಳಿಸಿದ ಕೂಗಿಗೆ ಬರೋಣ. ತುಳುನಾಡಲ್ಲಿ ಪಾಲೆ ಮರದ ಕೊಂಬೆ ತಂದು ಅಂಗಳದಲ್ಲಿ ನೆಡ್ತಾರೆ. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯೋದೂ ಇದೇ ಪಾಲೆ ಮರದ ತೊಗಟೆಯದು. ಹೂವಿನಿಂದ ಅಲಂಕಾರ ಮಾಡಿ, ದೀಪ ಇಟ್ಟು, ಭತ್ತ, ಅವಲಕ್ಕಿ, ಎಲೆ ಅಡಿಕೆ ಇಟ್ಟು ಬಲಿಯೇಂದ್ರನನ್ನ ಕರೀತಾರೆ. ಗದ್ದೆಗೂ ದೀಪ ತಗೊಂಡು ಹೋಗ್ತಾರೆ, ಪೊಲಿ ಪೊಲಿ ಅಂತ. ಪೊಲಿ ಅಂದ್ರೆ ಸಮೃದ್ಧಿ, ಹೆಚ್ಚಲಿ ಅನ್ನೋ ಅರ್ಥ.

ಆ ಕರೆಯಲ್ಲಿ ಒಂದು ಷರತ್ತುಗಳ ಪಟ್ಟಿ ಬರುತ್ತೆ. ಬಲಿಯೇಂದ್ರ ತನ್ನ ರಾಜ್ಯ ಪೂರ್ತಿ ವಾಪಸ್ ಯಾವಾಗ ಪಡೀಬಹುದು ಅಂದ್ರೆ, ಕರಿಗಲ್ಲು ಕಾಯಿ ಬಿಟ್ಟಾಗ, ಬಿಳಿಗಲ್ಲು ಹೂ ಬಿಟ್ಟಾಗ, ಉಪ್ಪು ಕರ್ಪೂರ ಆದಾಗ, ಉದ್ದಿನಕಾಳು ಮದ್ದಳೆ ಆದಾಗ. ಅಂದ್ರೆ? ಯಾವತ್ತೂ ಇಲ್ಲ. ಅದನ್ನ ಕರೆಯೋವನಿಗೂ ಗೊತ್ತು, ಬರೋವನಿಗೂ ಗೊತ್ತು. ಅದನ್ನ ಮುಖಕ್ಕೇ ಹೇಳಿ, ಆಮೇಲೆ "ಈಗ ಮೂರು ದಿನಕ್ಕೆ ಬಾ" ಅಂತ ಅಂಗಳಕ್ಕೆ ಕರೀತಾರೆ. ಮಹಾರಾಷ್ಟ್ರದ ರೈತರ ಬಾಯಲ್ಲೂ ಇದೇ ಆಸೆ ಇದೆ, ಪೀಡೆಯೆಲ್ಲ ತೊಲಗಲಿ, ಬಲಿಯ ರಾಜ್ಯ ಬರಲಿ ಅಂತ. ಆದ್ರೆ ಬರಲ್ಲ ಅಂತ ಲೆಕ್ಕ ಕೊಟ್ಟು ಕರೆಯೋ ಧೈರ್ಯ ತುಳುವರದು.

ನಾನು ಒಂದು ವರ್ಷ ಬೆಳ್ತಂಗಡಿ ಹತ್ತಿರದ ಗೆಳೆಯನ ಮನೇಲಿ ಇದ್ದೆ. ಅವನ ಅಪ್ಪ, ಬ್ಯಾಂಕಿಂದ ರಿಟೈರ್ ಆದವರು, ಪಂಚೆ ಎತ್ತಿ ಕಟ್ಟಿ, ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದ್ರು. ಗುಡ್ಡದ ಆಚೆ ಮನೆಯಿಂದ ಕೂ ಬಂತು. ಕೆಳಗಿನ ಗದ್ದೆಯಿಂದ ಇನ್ನೊಂದು. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು ಮಗನಿಗೆ ಹೇಳಿದ್ರು, "ಮೇಲಿನ ಮನೆಯಿಂದ ಈ ಸಲ ಕೂ ಬರ್ಲಿಲ್ಲ ಮಾರಾಯ. ಮಕ್ಕಳೆಲ್ಲ ದುಬೈಯಲ್ಲಿ ಅಲ್ವಾ." ಅಷ್ಟು ಹೇಳಿ ಆ ಕಡೆ ತಿರುಗಿ ಇನ್ನೊಂದು ಕೂ ಹಾಕಿದ್ರು, ಆ ಮನೆಯವರ ಪಾಲಿಂದು.

ನಿಮ್ಮೂರಲ್ಲಿ ಬಲೀಂದ್ರನನ್ನ ಏನಂತ ಕೂಗ್ತಾರೆ? ಕಾಮೆಂಟಲ್ಲಿ ಬರೀರಿ. ಬರೆಯೋಕಾಗದಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ.

[ಪರದೆ ಮತ್ತೆ ಕಪ್ಪು. ಒಂದು "ಕೂ..."]