ತೊಳೆದ ಬರ್ನರ್ ಒದ್ದೆಯಾಗಿರಬಾರದು

ಕೇಳುಗರಿಗೆ ನಮಸ್ಕಾರ. ನಿಮ್ಮ ಬೀಡು ಕಬ್ಬಿಣದ ಪ್ರೊಪೇನ್ ಬರ್ನರ್ ತುಕ್ಕು ಹಿಡಿದು ಮೂಲೆ ಸೇರಿದೆಯೇ? ಗುಜರಿಗೆ ಹಾಕಬೇಡಿ. ಬಿರುಕು ಬಿಟ್ಟಿರದಿದ್ದರೆ ಅದು ಸಾಮಾನ್ಯವಾಗಿ ಮತ್ತೆ ಉರಿಯುತ್ತದೆ.

ಸಿಲಿಂಡರಿನಿಂದ ಬೇರ್ಪಡಿಸಿ, ಹಿತ್ತಾಳೆಯ ಜೆಟ್, ಅಂದರೆ ಅನಿಲ ಚಿಮ್ಮುವ ಸಣ್ಣ ತೂತಿನ ಮೂತಿ, ಕಳಚಿ ಪಕ್ಕಕ್ಕಿಡಿ. ತಂತಿ ಬ್ರಷ್‌ನಿಂದ ಗಸಗಸ ಉಜ್ಜಿ. ಬಿಡದ ತುಕ್ಕಿದ್ದರೆ ವಿನಿಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಕೆಲವು ಗಂಟೆ ನೆನೆಸಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆಯಿರಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಕೆಲಸ ಕೆಡುವುದು ಆಮೇಲೆ.

ಒಮ್ಮೆ ಒಬ್ಬ ಯುವಕ ನನ್ನ ಬಳಿಗೆ ಬರ್ನರ್ ತಂದಿದ್ದ. ದಿನವಿಡೀ ಕೂತು ಉಜ್ಜಿದ್ದಾನೆ, ಬೆರಳ ತುದಿಗಳು ಸವೆದು ಕೆಂಪಾಗಿವೆ. ಸಂಜೆ ತೊಳೆದಾಗ ಬೆಳ್ಳಿಯಂತೆ ಹೊಳೆಯುತ್ತಿತ್ತಂತೆ. ಬಟ್ಟೆಯಲ್ಲಿ ಒರೆಸಿ, ತಾನಾಗಿಯೇ ಆರಲಿ ಎಂದು ಬಿಟ್ಟು ಮಲಗಿದ. ಬೆಳಗ್ಗೆ ನೋಡಿದರೆ ಮೈಯೆಲ್ಲ ಕಿತ್ತಳೆ ಬಣ್ಣದ ಪುಡಿ! "ಸರ್, ಈ ಕಬ್ಬಿಣವೇ ಸರಿಯಿಲ್ಲ" ಎಂದ. ನಾನು ಅದನ್ನು ಬೋರಲು ಹಾಕಿ ತಟ್ಟಿದೆ. ರಂಧ್ರಗಳಿಂದ ಇನ್ನೂ ನಾಲ್ಕು ಹನಿ ನೀರು ತೊಟ್ಟಿಕ್ಕಿತು. ಕಬ್ಬಿಣದ್ದೇನು ತಪ್ಪು? ತುಕ್ಕು ತೆಗೆದ ಕಬ್ಬಿಣ ಬೆತ್ತಲೆ ಕಬ್ಬಿಣ, ನೀರು ಮತ್ತು ಗಾಳಿ ಸಿಕ್ಕರೆ ನಿಮಿಷಗಳಲ್ಲೇ ಕೆಂಪಾಗುತ್ತದೆ. ಇಬ್ಬರೂ ಮೊದಲಿನಿಂದ ಉಜ್ಜಿದೆವು.

ಆದ್ದರಿಂದ ದಯವಿಟ್ಟು ಕೇಳಿ: ತೊಳೆದ ತಕ್ಷಣ ಇನ್ನೊಂದು ಒಲೆಯ ಸಣ್ಣ ಉರಿಯ ಮೇಲಿಟ್ಟು ಒಣಗಿಸಿ. ಆರಲು ಬಿಡುವುದಲ್ಲ, ಒಣಗಿಸುವುದು. ಕೈಗೆ ಬಿಸಿ ತಾಗುವಷ್ಟು ಇರುವಾಗಲೇ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ರಂಧ್ರಗಳಿಗೆ ಎಣ್ಣೆ ಇಳಿಯಬಾರದು. ಬಳಿಕ ಬಯಲಿನಲ್ಲಿ, ಹೊಗೆ ನಿಲ್ಲುವವರೆಗೆ ಕಾಯಿಸಿ. ಜ್ವಾಲೆಯ ಹತ್ತಿರ ಈ ಲೇಪ ಸುಟ್ಟುಹೋಗುತ್ತದೆ, ಆಗಾಗ ಮತ್ತೆ ಸವರಬೇಕು. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಅಂದರೆ ಬೆಂಕಿಯೇ ತೇವವನ್ನೂ ತರುತ್ತದೆ!

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಾಖ ತಡೆಯುವ ಬಣ್ಣವನ್ನು ಕಾಲುಗಳಿಗೂ ಹೊರಮೈಗೂ ಮಾತ್ರ ಬಳಿಯಿರಿ. ಕಟ್ಟಿಕೊಂಡ ರಂಧ್ರಗಳನ್ನು ತಂತಿಯಿಂದ ಬಿಡಿಸಬಹುದು, ಆದರೆ ಡ್ರಿಲ್ ಹಾಕಿ ಹಿಗ್ಗಿಸಬೇಡಿ. ಜೆಟ್‌ಗೆ ತಂತಿಯನ್ನೂ ಚುಚ್ಚಬೇಡಿ. ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೀರು ಸವರಿ, ಗುಳ್ಳೆ ಎದ್ದರೆ ಅನಿಲ ಸೋರುತ್ತಿದೆ, ಬೆಂಕಿ ಹಚ್ಚಲೇಬೇಡಿ. ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಕಾರಿದರೆ ಗಾಳಿ ಹೋಗುವ ಕೊಳವೆಯೊಳಗೆ ಇಣುಕಿ ನೋಡಿ. ಹಲವು ಸಲ ತುಕ್ಕಿನ ಹಕ್ಕಳೆಯೋ ಜೇಡರ ಬಲೆಯೋ ಅಲ್ಲಿ ಕೂತಿರುತ್ತದೆ.