ವೈಲ್ ಒನ್ ಹಾಕಿ ಕೂತ್ರೆ ಫಾಲ್ಟ್ ಹ್ಯಾಂಡಲ್ ಆದಂಗಾ?

ನಮಸ್ಕಾರ. ನಿಮ್ಮ ಎಸ್‌ಟಿಎಂ32 (ಮೈಕ್ರೋಕಂಟ್ರೋಲರ್ ಚಿಪ್) ಪ್ರಾಜೆಕ್ಟಲ್ಲಿ ಹಾರ್ಡ್‌ಫಾಲ್ಟ್ ಹ್ಯಾಂಡ್ಲರ್, ಅಂದ್ರೆ ಕೋಡ್ ದೊಡ್ಡ ತಪ್ಪು ಮಾಡಿದಾಗ ಸಿಪಿಯು ಹೋಗೋ ಫಂಕ್ಷನ್, ತೆಗ್ದು ನೋಡಿ, ಕ್ಯೂಬ್ ಅನ್ನೋ ಟೂಲ್ ಜನರೇಟ್ ಮಾಡಿಕೊಟ್ಟಿರೋ, ಯಾವತ್ತೂ ಮುಗಿಯದ ಖಾಲಿ ವೈಲ್ ಒನ್ ಲೂಪ್ ಹಂಗೇ ಕೂತಿರುತ್ತೆ, ಎಷ್ಟೋ ಜನ ಅದನ್ನೇ ಇಟ್ಕೊಂಡು ಪ್ರಾಡಕ್ಟ್ ಶಿಪ್ ಮಾಡ್ಬಿಡ್ತಾರೆ. ಡೀಬಗ್ಗರ್ ಹಾಕ್ಕೊಂಡು ಟೇಬಲ್ ಮುಂದೆ ಕೂತಿರೋವಾಗ ಓಕೆ, ಫೀಲ್ಡಲ್ಲಿ ಇದು ಶುದ್ಧ ಬೇಜವಾಬ್ದಾರಿ. ಸಿಪಿಯು ಲೂಪಲ್ಲಿ ಸಿಕ್ಕಾಕೊಂಡ್ರೂ ಟೈಮರ್ ಹಾರ್ಡ್‌ವೇರ್ ಪಾಡಿಗೆ ಅದು ಪಿಡಬ್ಲ್ಯೂಎಂ (ಆನ್-ಆಫ್ ಪಲ್ಸ್) ಕೊಡ್ತಾನೇ ಇರುತ್ತೆ, ಹೀಟರ್ ಆನ್ ಇದ್ರೆ ಆನೇ, ಟೆಂಪರೇಚರ್ ನೋಡಿ ಆಫ್ ಮಾಡ್ಬೇಕಿದ್ದ ಕೋಡೇ ಸತ್ತೋಗಿದೆ.

"ವಾಚ್‌ಡಾಗ್ ಇದೆಯಲ್ಲ ಗುರು" ಅಂತೀರ. ಕೋಡ್ ಆಗಾಗ ಕಿಕ್ ಮಾಡಿ ಬದುಕಿದೀನಿ ಅಂತ ಹೇಳ್ದೇ ಇದ್ರೆ ಚಿಪ್‌ನ ರೀಸೆಟ್ ಮಾಡೋ ಟೈಮರ್ ಅದು. ಮಜಾ ಇರೋದೇ ಅಲ್ಲಿ. ನ್ಯೂಲಿಬ್ ಅನ್ನೋ ಸಿ ಲೈಬ್ರರಿಯಲ್ಲಿ ಅಸರ್ಟ್ (ಕೋಡಲ್ಲಿ ನಾವೇ ಹಾಕೋ ಚೆಕ್) ಫೇಲ್ ಆದ್ರೆ ಅಬಾರ್ಟ್‌ಗೆ ಹೋಗುತ್ತೆ, ಅಲ್ಲಿಂದ ಸಿಗ್‌ಅಬಾರ್ಟ್ ಸಿಗ್ನಲ್, ಕೊನೆಗೆ ಅಂಡರ್‌ಸ್ಕೋರ್ ಎಕ್ಸಿಟ್ ಫಂಕ್ಷನ್. ಲಿನಕ್ಸ್ ಆಗಿದ್ರೆ ಓಎಸ್ ಪ್ರೊಸೆಸ್‌ನ ಎತ್ತಿ ಬಿಸಾಕ್ತಿತ್ತು, ಓಎಸ್ಸೇ ಇಲ್ಲದ ಬೇರ್‌ಮೆಟಲಲ್ಲಿ ಯಾರಿದಾರೆ? ಹಂಗಾಗಿ ಆ ಎಕ್ಸಿಟ್ ಸ್ಟಬ್ (ಹೆಸರಿಗಷ್ಟೇ ಇರೋ ಫಂಕ್ಷನ್) ಸಾಮಾನ್ಯವಾಗಿ ಇನ್ನೊಂದು ಲೂಪೇ, ಅದೂ ಮಾಮೂಲಿ ಕೋಡ್ ಓಡೋ ಥ್ರೆಡ್ ಮೋಡಲ್ಲಿ, ಇಂಟರಪ್ಟ್ ಎಲ್ಲಾ ಆನ್ ಇಟ್ಕೊಂಡು. ವಾಚ್‌ಡಾಗ್‌ನ ಟೈಮರ್ ಇಂಟರಪ್ಟಿಂದ ಕಿಕ್ ಮಾಡ್ತಿದ್ರೆ ಮುಗೀತು, ಬೋರ್ಡ್ ಸತ್ತಿದ್ರೂ ರೀಸೆಟ್ ಆಗೋದೇ ಇಲ್ಲ. ಕಿಕ್ ಮೇನ್ ಲೂಪಿಂದ್ಲೇ ಆಗ್ಬೇಕು ಸ್ವಾಮಿ.

ಬರೀ ರೀಸೆಟ್ ಆದ್ರೂ ಸಾಲಲ್ಲ, ಯಾಕೆ ಬಿತ್ತು ಅಂತ ಗೊತ್ತಾಗ್ಬೇಕಲ್ಲ. ನಾನು ಹೇಳೋದು: ಮೊದ್ಲು ಔಟ್‌ಪುಟ್‌ಗಳನ್ನ ಸೇಫ್ ಮಾಡಿ. ಆಮೇಲೆ ಕಾರ್ಟೆಕ್ಸ್-ಎಂ (ಈ ಚಿಪ್ ಒಳಗಿನ ಸಿಪಿಯು) ತಾನೇ ಸ್ಟ್ಯಾಕ್ ಮೇಲೆ ಇಟ್ಟಿರೋ 8 ರಿಜಿಸ್ಟರಲ್ಲಿ ಪಿಸಿ (ಕೋಡ್ ಬಿದ್ದ ಜಾಗದ ವಿಳಾಸ), ಎಲ್‌ಆರ್ (ವಾಪಸ್ ಹೋಗೋ ವಿಳಾಸ) ಎತ್ಕೊಳ್ಳಿ, ಜೊತೆಗೆ ಫಾಲ್ಟ್ ಕಾರಣ ಹೇಳೋ ಸಿಎಫ್‌ಎಸ್‌ಆರ್ ರಿಜಿಸ್ಟರ್, ಆದ್ರೆ ಸ್ಟ್ಯಾಕ್ ಪಾಯಿಂಟರ್ ರ‍್ಯಾಮ್ ಒಳಗೇ ಇದೆಯಾ ಅಂತ ಚೆಕ್ ಮಾಡಿ ಓದಿ, ಇಲ್ದಿದ್ರೆ ಹ್ಯಾಂಡ್ಲರ್ ಒಳಗೇ ಫಾಲ್ಟ್ ಆಗಿ ಕೋರ್ ಲಾಕಪ್‌ಗೆ ಹೋಗಿ ಪೂರ್ತಿ ನಿಂತೋಗುತ್ತೆ. ಸ್ಟಾರ್ಟಪ್ ಕೋಡ್ ಅಳಿಸದೇ ಇರೋ ನೋಇನಿಟ್ ಅನ್ನೋ ರ‍್ಯಾಮ್ ಜಾಗದಲ್ಲಿ ಮ್ಯಾಜಿಕ್ ನಂಬರ್ (ಇದು ನಾವೇ ಬರೆದ ಡೇಟಾ ಅನ್ನೋ ಗುರುತು) ಸಮೇತ ಬರೆದು ರೀಸೆಟ್ ಹೊಡೀರಿ. ಪ್ರಿಂಟ್‌ಎಫ್ ಅಂತೂ ಅಲ್ಲಿ ಮುಟ್ಲೇಬೇಡಿ. ಮುಂದಿನ ಬೂಟಲ್ಲಿ ಆ ಪಿಸಿ ಹೊರಗೆ ಕಳ್ಸಿದ್ರೆ, ಬಿಲ್ಡ್ ಮಾಡಿದಾಗ ಬಂದ ಇಎಲ್‌ಎಫ್ ಫೈಲ್ ಇಟ್ಕೊಂಡು ಆಡ್‌ಆರ್‌2ಲೈನ್ ಟೂಲ್ ಓಡ್ಸಿದ್ರೆ ಲೈನ್ ನಂಬರೇ ಸಿಗುತ್ತೆ.

ಸೇಫ್ ಅಂದ್ರೆ ಎಲ್ಲಾ ಕಡೆ ಆಫ್ ಅಂತಲ್ಲ ಮತ್ತೆ. 1996ರ ಜೂನ್ 4ಕ್ಕೆ ಮೊದಲ ಏರಿಯಾನ್ 5 ರಾಕೆಟ್‌ನಲ್ಲಿ 64 ಬಿಟ್ ಫ್ಲೋಟ್ 16 ಬಿಟ್ ಇಂಟಿಜರ್‌ಗೆ ಹಿಡೀಲಿಲ್ಲ. ಅದು ಏಡಾ ಭಾಷೆ ಕೋಡು, ಸಿ ಅಲ್ಲ, ಆದ್ರೆ ಕಥೆ ನಮ್ದೇ: ಎಕ್ಸೆಪ್ಶನ್ ಬಂದ್ರೆ ಪ್ರೊಸೆಸರ್ ನಿಲ್ಸು ಅಂತ ಡಿಸೈನೇ ಇತ್ತು, ಬ್ಯಾಕಪ್ ಯೂನಿಟ್ಟೂ ಅದೇ ಸಾಫ್ಟ್‌ವೇರ್ ಓಡಿಸ್ತಾ ಅದೇ ಕಾರಣಕ್ಕೆ ಆಗ್ಲೇ ನಿಂತೋಗಿತ್ತು. ಹೀಟರ್‌ಗೆ ಆಫ್ ಸೇಫು, ಹಾರ್ತಿರೋ ರಾಕೆಟ್‌ಗೆ?

ಇನ್ನೊಂದು, ಬೂಟ್ ಆದ ತಕ್ಷಣನೇ ಮತ್ತೆ ಮತ್ತೆ ಬೀಳ್ತಿದ್ರೆ ಅದೇ ನೋಇನಿಟ್‌ನಲ್ಲಿ ಕೌಂಟರ್ ಇಡಿ, ಮೂರು ಸಲ ದಾಟಿದ್ರೆ ಅಪ್ಲಿಕೇಶನ್ ಎಬ್ಬಿಸ್ಬೇಡಿ, ಬೂಟ್‌ಲೋಡರಲ್ಲೇ ನಿಂತು ಹೊಸ ಫರ್ಮ್‌ವೇರ್‌ಗೆ ಕಾಯ್ಲಿ.